ಹಾಸನದಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್, ಜೊತೆಗೆ ಎರಡು ದಿನದ ಸುತ್ತಾಟ: ಮನೆ ಬಿಡುವುದರಿಂದ ವಾಪಸ್ ಬರುವವರೆಗೆ

ಮೂರು ವರ್ಷದ ಹಿಂದೆ, ಬಿಸಿಲು ಚುರುಗುಟ್ಟುವ ಒಂದು ಮಧ್ಯಾಹ್ನ, ಹಳೇಬೀಡಿನ ದೇವಸ್ಥಾನದ ಹುಲ್ಲಿನ ಮೇಲೆ ಅಮ್ಮ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು ಕೂತಿದ್ದಳು. ಬೆಳಿಗ್ಗೆ ಹಾಸನದಲ್ಲಿ ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿದ್ದರು. ಹೇಗಿದ್ದರೂ ಇಲ್ಲಿತನಕ ಬಂದಿದ್ದೇವೆ, ಅಮ್ಮ ಎಷ್ಟೋ ವರ್ಷದಿಂದ ಕೇಳುತ್ತಿದ್ದಾಳೆ, ತೋರಿಸಿಬಿಡೋಣ ಅಂತ ನಾನೇ ಬಾಡಿಗೆ ಕಾರು ಮಾಡಿಕೊಂಡು ಕರೆದುಕೊಂಡು ಹೋಗಿದ್ದೆ. ಅಲ್ಲಿ ಅವಳಿಗೆ ಏನೂ ಕಾಣಿಸಲಿಲ್ಲ. ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಗೋಡೆಯ ಹತ್ತಿರ ಹೋದರೆ ಕೆತ್ತನೆಯೆಲ್ಲ ಕಲಸಿಹೋದ ಹಾಗೆ. "ನೀನು ನೋಡ್ಕೊಂಡು ಬಾ ಮಗಾ, ನಾನು ಇಲ್ಲೇ ಕೂತಿರ್ತೀನಿ" ಅಂದಳು. ನಾನೂ ಸರಿಯಾಗಿ ನೋಡಲಿಲ್ಲ.

ತಪ್ಪು ಹಳೇಬೀಡಿಗೆ ಹೋಗಿದ್ದಲ್ಲ. ಹೋದ ಹೊತ್ತು ತಪ್ಪು. ಅದೇ ಜಾಗಕ್ಕೆ ಮಾರನೇ ದಿನ ಬೆಳಿಗ್ಗೆ ಹೋಗಿದ್ದರೆ ಸಾಕಿತ್ತು. ಆಮೇಲಿಂದ ನಾನು ಹಾಸನದ ಪ್ರತಿ ಓಡಾಟವನ್ನೂ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ: ಆವತ್ತು ಯಾವ ಪರೀಕ್ಷೆ? ಅದು ಗೊತ್ತಾದರೆ ಮಿಕ್ಕ ಹೊತ್ತಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ನಮ್ಮದು ಸಕಲೇಶಪುರದ ಆಚೆ, ಹೆತ್ತೂರು ಕಡೆಯ ಹಳ್ಳಿ. ಅಮ್ಮನಿಗೆ ಶುಗರ್ ಮತ್ತು ಬಿಪಿ. ಮೂರು ತಿಂಗಳಿಗೊಮ್ಮೆ ಹಾಸನ ತಪ್ಪಿದ್ದಲ್ಲ. ಬೇಲೂರು, ಆಲೂರು, ಅರಕಲಗೂಡು, ಅರಸೀಕೆರೆ, ಅತ್ತ ಚಿಕ್ಕಮಗಳೂರು ಕಡೆಯಿಂದ ಬರುವವರಿಗೂ ಇದೇ ಲೆಕ್ಕ ಹೊಂದುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಮೊದಲೇ ಗೊತ್ತು ಮಾಡಿಕೊಂಡ, ಅವಸರವಿಲ್ಲದ ತಪಾಸಣೆಗೆ. ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟ ಆಗುವುದು, ಒಂದು ಕೈ ಕಾಲು ಸ್ವಾಧೀನ ತಪ್ಪುವುದು, ಇಂಥದ್ದೇನಾದರೂ ಕಂಡರೆ ಯಾವ ಯೋಜನೆಯೂ ಬೇಡ, ತಕ್ಷಣ 108ಕ್ಕೆ ಫೋನ್ ಮಾಡಿ.

ಮೊದಲ ಹೆಜ್ಜೆ: ಫೋನಿನಲ್ಲಿ ಕೇಳಬೇಕಾದ್ದು

ಅಪಾಯಿಂಟ್‌ಮೆಂಟ್ ತಗೊಳ್ಳುವಾಗ ನಾವು ಸಾಮಾನ್ಯವಾಗಿ "ಡಾಕ್ಟರು ಎಷ್ಟು ಹೊತ್ತಿಗೆ ಸಿಗ್ತಾರೆ" ಅಂತ ಕೇಳಿ ಇಟ್ಟುಬಿಡುತ್ತೇವೆ. ಅದು ಸಾಲದು. ಒಂದು ಕಾಗದ, ಪೆನ್ನು ಇಟ್ಟುಕೊಂಡು ಕೂತು ಕೇಳಿ. ಆವತ್ತೇ ರಕ್ತ ಪರೀಕ್ಷೆ ಮಾಡಿಸುತ್ತಾರಾ? ಖಾಲಿ ಹೊಟ್ಟೆಯಲ್ಲಿ ಬರಬೇಕಾ? ನೀರು ಕುಡಿಯಬಹುದಾ? ಬೆಳಗಿನ ಮಾತ್ರೆ ತಗೊಂಡು ಬರಬೇಕಾ, ಕೈಯಲ್ಲಿ ಹಿಡಿದು ಬರಬೇಕಾ? ಕಣ್ಣಿಗೆ ಡ್ರಾಪ್ಸ್ ಹಾಕುತ್ತಾರಾ? ಮತ್ತು ಡಾಕ್ಟರನ್ನು ನೋಡಲು ಟೋಕನ್ನಾ, ಟೈಮಾ?

ಕೊನೆಯದು ಸಣ್ಣ ಪ್ರಶ್ನೆ ಅನ್ನಿಸಬಹುದು. ಹಾಗಲ್ಲ. 11 ಗಂಟೆಗೆ ಅಂತ ಟೈಮ್ ಕೊಟ್ಟಿದ್ದರೆ ಹತ್ತೂಮುಕ್ಕಾಲಿಗೆ ಹೋದರೆ ನಡೆಯುತ್ತದೆ. ಟೋಕನ್ ಪದ್ಧತಿ ಇದ್ದರೆ ಬೆಳಿಗ್ಗೆ ಬೇಗ ಹೋಗಿ ಹೆಸರು ಬರೆಸಿದವರು ಮೊದಲು. ಜಿಲ್ಲಾ ಆಸ್ಪತ್ರೆ ಅಂದರೆ ಹಿಮ್ಸ್‌ಗೆ ಹೋಗುವವರು ಒಪಿಡಿ ಚೀಟಿ ಮಾಡಿಸುವ ಸಾಲಿಗೇ ಒಂದಿಷ್ಟು ಹೊತ್ತು ಎತ್ತಿಡಬೇಕು. ಆಭಾ ಕಾರ್ಡ್, ಅಂದರೆ ಸರ್ಕಾರದ ಡಿಜಿಟಲ್ ಆರೋಗ್ಯ ಕಾರ್ಡ್, ಮಾಡಿಸಿಕೊಂಡಿದ್ದರೆ ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಮೊಬೈಲಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತಗೊಳ್ಳುವ ಅನುಕೂಲ ಇದೆ. ಕೌಂಟರಿನಲ್ಲಿ ಕೇಳಿ ನೋಡಿ.

ಇನ್ನೊಂದು ಪ್ರಶ್ನೆಯಿಂದ ನನಗೆ ಅರ್ಧ ದಿನವೇ ಉಳಿದಿದೆ: "ರಕ್ತ ಪರೀಕ್ಷೆ ನಮ್ಮ ತಾಲ್ಲೂಕಿನಲ್ಲೇ ಮಾಡಿಸಿಕೊಂಡು ರಿಪೋರ್ಟ್ ತಂದರೆ ಆಗುತ್ತಾ?" ಎಷ್ಟೋ ಡಾಕ್ಟರು ಒಪ್ಪುತ್ತಾರೆ. ಒಪ್ಪಿದರೆ ಏನೇನು ಪರೀಕ್ಷೆ ಅನ್ನೋದನ್ನು ಹಳೇ ಚೀಟಿ ನೋಡಿ ಹೇಳಿಸಿಕೊಳ್ಳಿ. ಎರಡು ಮೂರು ದಿನ ಮೊದಲೇ ಹತ್ತಿರದಲ್ಲೇ ಕೊಟ್ಟುಬಿಟ್ಟರೆ ಹಾಸನದ ಬೆಳಗು ಪೂರ್ತಿ ನಿಮ್ಮದು.

ದಿನ ಆರಿಸುವುದು

ಹಾಸನದವರಿಗೆ ಹೇಳಬೇಕಾಗಿಲ್ಲ, ಹೊರಗಿನಿಂದ ಬರುವವರಿಗೆ ಹೇಳುತ್ತೇನೆ. ಹಾಸನಾಂಬೆಯ ಬಾಗಿಲು ತೆಗೆಯುವ ದಿನಗಳಲ್ಲಿ, ಮುಂದಕ್ಕೆ ಹಾಕಬಹುದಾದ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ. ಅಮ್ಮನವರ ಗುಡಿ ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆಗೆದು, ದೀಪಾವಳಿ ಬಲಿಪಾಡ್ಯಮಿ ಹೊತ್ತಿಗೆ ಮತ್ತೆ ಮುಚ್ಚುತ್ತದೆ. ಆ ದಿನಗಳಲ್ಲಿ ಊರು ಅಂದರೆ ಜಾತ್ರೆ. ಲಾಡ್ಜ್ ಸಿಗುವುದಿಲ್ಲ, ಸಿಕ್ಕರೂ ರೇಟು ಕೇಳುವ ಹಾಗಿಲ್ಲ. ದೇವರ ದರ್ಶನವೂ ಆಗಲಿ, ಡಾಕ್ಟರೂ ಆಗಲಿ ಅಂತ ಎರಡನ್ನೂ ಸೇರಿಸಿದರೆ ಮಂಡಿನೋವಿನ ತಾಯಿಯನ್ನು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಿಸಿದ ಹಾಗೆ ಆಗುತ್ತದೆ. ದರ್ಶನಕ್ಕೆ ಬೇರೆಯೇ ದಿನ ಬನ್ನಿ.

ಸೋಮವಾರ ಎಲ್ಲ ಕಡೆ ರಶ್ ಇರುತ್ತದೆ, ಭಾನುವಾರದ್ದೂ ಸೇರಿ. ಸರ್ಕಾರಿ ರಜೆಯ ಮಾರನೇ ದಿನವೂ ಹಾಗೇ. ನಾನು ಬುಧವಾರ ಅಥವಾ ಗುರುವಾರ ಕೇಳುತ್ತೇನೆ. ಶುಕ್ರವಾರ ಸಂಜೆ, ಶನಿವಾರ ಬಿದ್ದರೆ ರಿಪೋರ್ಟ್ ತಡವಾದಾಗ ಸೋಮವಾರದ ತನಕ ಕಾಯಬೇಕಾಗಬಹುದು.

ಮಲೆನಾಡಿನ ಕಡೆಯವರಿಗೆ ಇನ್ನೆರಡು ಲೆಕ್ಕ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ಯಾರಿಗೂ ಬಿಡುವಿಲ್ಲ, ಜೊತೆಗೆ ಬರಲು ಜನ ಸಿಗುವುದಿಲ್ಲ. ಹಾಗಾಗಿ ನವೆಂಬರಿನಲ್ಲೇ ಒಂದು ತಪಾಸಣೆ ಮುಗಿಸಿಕೊಳ್ಳುವುದು ಒಳ್ಳೆಯದು. "ಕೊಯ್ಲು ಮುಗೀಲಿ" ಅಂತ ತಳ್ಳಿದ ಶುಗರ್ ಟೆಸ್ಟ್ ಯುಗಾದಿ ದಾಟಿದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಜುಲೈ, ಆಗಸ್ಟಿನಲ್ಲಿ ಮಳೆ. ಮರ ಬಿದ್ದು ರಸ್ತೆ ಬಂದ್ ಆಗುವುದು ನಮಗೆ ಹೊಸದಲ್ಲ. ಮಂಗಳೂರು ಕಡೆಯಿಂದ ಬರುವವರಿಗೆ ಶಿರಾಡಿ ಘಾಟಿಯ ಮಣ್ಣು ಕುಸಿತದ ಚಿಂತೆ ಬೇರೆ.

ಮತ್ತೆ ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಬೆಳಗಿನ ಜಾವ ನಾಲ್ಕೂವರೆಗೆ ಎಸ್ಟೇಟ್ ರಸ್ತೆಯಲ್ಲಿ ಬೈಕಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಮೊದಲ ಬಸ್ಸಿಗೆ ಬರುವುದು ಸುಮ್ನೆ ಮಾಡುವ ಕೆಲಸ ಅಲ್ಲ. ಅರಣ್ಯ ಇಲಾಖೆಯ ಎಚ್ಚರಿಕೆ ಮೆಸೇಜ್ ನೋಡಿಕೊಳ್ಳಿ. ಬೆಳಿಗ್ಗೆ 8ರ ಒಳಗೆ ಆಸ್ಪತ್ರೆಯಲ್ಲಿ ಇರಬೇಕು ಅಂದರೆ ಹಿಂದಿನ ದಿನ ಸಂಜೆಯೇ ಹಾಸನಕ್ಕೆ ಬಂದು ಉಳಿಯುವುದು ಕ್ಷೇಮ. ಲಾಡ್ಜಿಗೆ ಖರ್ಚಾಗುತ್ತದೆ, ನಿಜ. ಆದರೆ ಕತ್ತಲಲ್ಲಿ ಹೆದರಿಕೊಂಡು ಬಂದವರ ಬಿಪಿ ಬೆಳಿಗ್ಗೆ ನೋಡಿದರೆ ಅದೂ ಸರಿ ಬರುವುದಿಲ್ಲ.

ಯಾವ ಪರೀಕ್ಷೆಗೆ ಎಂಥ ದಿನ

ಇದು ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಓದಿ.

*ಶುಗರ್.* ಖಾಲಿ ಹೊಟ್ಟೆಯ ರಕ್ತಕ್ಕೆ 8ರಿಂದ 10 ಗಂಟೆ ಏನೂ ತಿಂದಿರಬಾರದು. ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ, ಬೆಳಿಗ್ಗೆ ಏಳೂವರೆಗೆ ರಕ್ತ ಕೊಟ್ಟರೆ ಸರಿಹೋಗುತ್ತದೆ. ನೀರು ಕುಡಿಯಬಹುದು. ಕಾಫಿ ಕುಡಿಯುವ ಹಾಗಿಲ್ಲ, ಸಕ್ಕರೆ ಹಾಕದೆಯೂ ಬೇಡ. ಕಾಫಿ ತೋಟದ ಮನೆಯ ಹೆಂಗಸಿಗೆ ಬೆಳಿಗ್ಗೆ ಐದಕ್ಕೆ ಕಾಫಿ ಇಲ್ಲ ಅಂದರೆ ಅದು ದೊಡ್ಡ ವ್ರತ! ಫ್ಲಾಸ್ಕಿನಲ್ಲಿ ತುಂಬಿ ತನ್ನಿ, ರಕ್ತ ಕೊಟ್ಟ ತಕ್ಷಣ ತಿಂಡಿ ಜೊತೆ ಕುಡಿಸಿ.

ಆಮೇಲೆ ತಿಂಡಿ. ಇಲ್ಲಿ ಬಹಳ ಜನ ಎರಡು ತಪ್ಪು ಮಾಡುತ್ತಾರೆ. ಒಂದು, ಶುಗರ್ ಕಮ್ಮಿ ಬರಲಿ ಅಂತ ಒಂದೇ ಇಡ್ಲಿ ತಿನ್ನುವುದು. ಇನ್ನೊಂದು, ಹಾಸನಕ್ಕೆ ಬಂದಿದ್ದೇವಲ್ಲ ಅಂತ ಕೇಸರಿಬಾತು, ಮಸಾಲೆ ದೋಸೆ ಎರಡೂ ತಿನ್ನುವುದು. ಮನೆಯಲ್ಲಿ ದಿನಾ ಎಷ್ಟು ತಿನ್ನುತ್ತಾರೋ ಅಷ್ಟೇ ತಿನ್ನಬೇಕು. ದಿನಾ ತಗೊಳ್ಳುವ ಮಾತ್ರೆಯನ್ನೂ ಡಾಕ್ಟರು ಬೇಡ ಅಂದಿರದಿದ್ದರೆ ತಗೊಳ್ಳಬೇಕು. ಮನೆಯಲ್ಲಿ ಶುಗರ್ ಹೇಗಿರುತ್ತದೆ ಅಂತ ಗೊತ್ತಾಗಲಿಕ್ಕೇ ಅಲ್ವಾ ಈ ಪರೀಕ್ಷೆ? ಎರಡನೇ ರಕ್ತ ಕೊಡುವುದು ಎರಡು ಗಂಟೆ ಆದ ಮೇಲೆ. ಆ ಎರಡು ಗಂಟೆಯನ್ನು ತಿಂಡಿ ಮುಗಿದಾಗಿನಿಂದ ಎಣಿಸಬೇಡಿ, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎಣಿಸಿ. ನಾನು ತಟ್ಟೆ ಬಂದ ತಕ್ಷಣ ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ.

ಈ ಎರಡು ಗಂಟೆ ಆ ದಿನದ ಒಳ್ಳೆಯ ಹೊತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯಬೇಡಿ. ಊರಿನ ನಡುವೆಯೇ ಮಹಾರಾಜ ಪಾರ್ಕ್ ಇದೆ, ಆಟೋದಲ್ಲಿ ಹೋಗಿ ಬರಬಹುದು. ಮರದ ನೆರಳಿನಲ್ಲಿ ಕೂತುಕೊಳ್ಳಿ, ಮಾತಾಡಿ. ಆದರೆ ರೌಂಡ್ ಮೇಲೆ ರೌಂಡ್ ಬಿರುಸಾಗಿ ನಡೆಸಬೇಡಿ. ಜೋರಾಗಿ ನಡೆದರೆ ಶುಗರ್ ಇಳಿಯುತ್ತದೆ, ರಿಪೋರ್ಟಿನಲ್ಲಿ ಸರಿಯಾದ ಅಂಕಿ ಬರುವುದಿಲ್ಲ. ಈ ನಡುವೆ ಏನೂ ತಿನ್ನಲೂಬಾರದು, ಒಂದು ತುಂಡು ಬಾಳೆಹಣ್ಣೂ ಬೇಡ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಅದೊಂದೇ ಇದ್ದರೆ ಅಮ್ಮನನ್ನು ಸುಮ್ನೆ ಉಪವಾಸ ಕೆಡವಬೇಡಿ.

ಖಾಲಿ ಹೊಟ್ಟೆಯಲ್ಲಿ ಬರುವವರ ಪರ್ಸಿನಲ್ಲಿ ಸಕ್ಕರೆ ಪೊಟ್ಟಣ ಇರಲೇಬೇಕು. ಕೈ ನಡುಕ, ಬೆವರು, ಕಣ್ಣು ಕತ್ತಲೆ, ಮಾತು ತಡವರಿಸುವುದು ಕಂಡರೆ ಶುಗರ್ ಇಳಿದಿದೆ ಅಂತ ಅರ್ಥ. ಆಗ ಪರೀಕ್ಷೆಯ ಚಿಂತೆ ಬಿಟ್ಟು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಇನ್ಸುಲಿನ್ ತಗೊಳ್ಳುವವರು ಉಪವಾಸದ ಬೆಳಿಗ್ಗೆ ಎಷ್ಟು ತಗೊಳ್ಳಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಕೊಂಡಿರಬೇಕು.

*ಕಣ್ಣು.* ಶುಗರ್ ಇರುವವರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಹಿಂಭಾಗದ ಪರದೆ ತೋರಿಸಬೇಕು. ಡ್ರಾಪ್ಸ್ ಹಾಕಿದ ಮೇಲೆ ಪಾಪೆ ಹಿಗ್ಗಲು ಅರ್ಧ ಗಂಟೆಯಾದರೂ ಬೇಕು. ಆಮೇಲೆ ನಾಲ್ಕರಿಂದ ಆರು ಗಂಟೆ ಬಿಸಿಲು ತಡೆಯುವುದಿಲ್ಲ, ಹತ್ತಿರದ ಅಕ್ಷರ ಕಾಣಿಸುವುದಿಲ್ಲ. ಕೆಲವರಿಗೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಾಗಾಗಿ ಕಣ್ಣಿನ ತಪಾಸಣೆ ಆ ದಿನದ ಕೊನೆಯ ಕೆಲಸವಾಗಿರಲಿ. ಮಧ್ಯಾಹ್ನ ಮೂರು ಗಂಟೆಗೆ ಸಿಕ್ಕರೆ ಬಹಳ ಒಳ್ಳೆಯದು. ಮುಗಿಸಿ ನೇರ ರೂಮಿಗೆ ಹೋಗಿ ಮಲಗಬಹುದು. ಛತ್ರಿ, ಕಪ್ಪು ಕನ್ನಡಕ ಇಟ್ಟುಕೊಳ್ಳಿ. ತಪಾಸಣೆಗೆ ಬಂದವರೇ ಬೈಕು ಓಡಿಸಿಕೊಂಡು ವಾಪಸ್ ಹೋಗುವುದು ಖಂಡಿತ ಬೇಡ.

*ಸ್ಕ್ಯಾನಿಂಗ್.* ಹೊಟ್ಟೆಯ ಅಲ್ಟ್ರಾಸೌಂಡಿಗೆ ಖಾಲಿ ಹೊಟ್ಟೆ ಕೇಳುತ್ತಾರೆ. ಕೆಲವದಕ್ಕೆ ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ವಯಸ್ಸಾದವರಿಗೆ ಇದು ಹಿಂಸೆ, ನಿಮ್ಮ ಸರದಿ ಎಷ್ಟನೆಯದು ಅಂತ ಕೇಳಿಕೊಂಡೇ ನೀರು ಕುಡಿಸಿ.

ಎಂಆರ್‌ಐ ಇದ್ದರೆ ಒಡವೆ ಪೂರ್ತಿ ತೆಗೆಯಬೇಕು. ನಮ್ಮ ಅತ್ತೆಗೆ ಸೊಂಟ ನೋವಿಗೆ ಎಂಆರ್‌ಐ ಬರೆದಿದ್ದರು. ಬಳೆ, ಕಾಲುಂಗುರ, ಕರಿಮಣಿ ಎಲ್ಲ ಬಿಚ್ಚಿದರು. ಮೂಗುಬಟ್ಟು ಮಾತ್ರ ಬರಲಿಲ್ಲ. ಮದುವೆಯಲ್ಲಿ ಹಾಕಿದ್ದು, ತಿರುಪು ಹಿಡಿದು ಕೂತಿತ್ತು. ಸರದಿ ಬಂದಾಗ ಒಳಗೆ ಬಿಡಲಿಲ್ಲ. ಹೊರಗೆ ಬಂದು ಪೇಟೆಯಲ್ಲಿ ಒಬ್ಬರು ಆಚಾರ್ರನ್ನು ಹುಡುಕಿದೆವು. ಅವರು ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಸಣ್ಣ ಚಿಮಟದಲ್ಲಿ ತಿರುಪು ಹಿಡಿದು ಮೆಲ್ಲಗೆ ಬಿಚ್ಚಿದರು. ಅತ್ತೆಯ ಕಣ್ಣಲ್ಲಿ ನೀರು. ನೋವಿಗಲ್ಲ, ಬರಿ ಮೂಗಿನಲ್ಲಿ ಕನ್ನಡಿ ನೋಡಿಕೊಂಡಿದ್ದಕ್ಕೆ. ಸರದಿ ಹೋಗಿ ಸಂಜೆ ಮತ್ತೆ ಕರೆದರು. ಅದಕ್ಕೇ ಹೇಳುವುದು, ಎಂಆರ್‌ಐ ಅಂತ ಗೊತ್ತಾದ ದಿನವೇ ನಿಮ್ಮೂರಿನ ಆಚಾರ್ರ ಹತ್ತಿರ ಹೋಗಿ ಮೂಗುಬಟ್ಟು, ಓಲೆ ಸಡಿಲ ಮಾಡಿಸಿಕೊಳ್ಳಿ. ಒಡವೆ ಇಡಲು ಒಂದು ಸಣ್ಣ ಬಟ್ಟೆ ಚೀಲ ಇರಲಿ, ಅದು ಮನೆಯವರ ಕೈಯಲ್ಲೇ ಇರಲಿ. ಮೈಯೊಳಗೆ ಪೇಸ್‌ಮೇಕರ್, ರಾಡು, ಕ್ಲಿಪ್ಪು ಏನಾದರೂ ಇದ್ದರೆ ಮೊದಲೇ ಹೇಳಬೇಕು.

ನರಕ್ಕೆ ಬಣ್ಣದ ಔಷಧಿ ಕೊಟ್ಟು ಮಾಡುವ ಸ್ಕ್ಯಾನ್ ಇದ್ದರೆ ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತಾರೆ. ಶುಗರ್ ಮಾತ್ರೆ ತಗೊಳ್ಳುವ ವಿಷಯ, ಯಾವುದಾದರೂ ಔಷಧಿ ಒಗ್ಗದ ವಿಷಯ ಆಗಲೇ ಹೇಳಿಬಿಡಿ.

*ಎಂಡೋಸ್ಕೋಪಿ.* ಮಂಪರು ಬರುವ ಔಷಧಿ ಕೊಟ್ಟಿದ್ದರೆ ಆ ದಿನ ಪೂರ್ತಿ ವಿಶ್ರಾಂತಿ. ಗಾಡಿ ಓಡಿಸುವುದು, ಮೆಟ್ಟಿಲು ಹತ್ತುವುದು, ಕಾಗದಕ್ಕೆ ಸಹಿ ಹಾಕುವುದು ಏನೂ ಬೇಡ. ಜೊತೆಗೆ ಒಬ್ಬರು ಇರಲೇಬೇಕು.

*ಹೃದಯದ ಪರೀಕ್ಷೆ.* ಇಸಿಜಿ, ಎಕೋ ಆದರೆ ಮುಗಿಸಿ ಎಲ್ಲಿಗೆ ಬೇಕಾದರೂ ಹೋಗಬಹುದು. ಟ್ರೆಡ್‌ಮಿಲ್ ಇದ್ದರೆ ನಡೆಯಲು ಹಿತವಾದ ಚಪ್ಪಲಿ ಅಥವಾ ಬೂಟು ತನ್ನಿ. ಹೆಂಗಸರಿಗೆ ಸೀರೆಗಿಂತ ಚೂಡಿದಾರ ಅನುಕೂಲ.

ಚೀಲದಲ್ಲಿ ಏನಿರಬೇಕು

ಒಂದು ಫೈಲು. ಹೊಸ ಕಾಗದ ಮೇಲೆ, ಹಳೆಯದು ಕೆಳಗೆ. ಆಧಾರ್, ರೇಷನ್ ಕಾರ್ಡ್, ಎರಡರ ಜೆರಾಕ್ಸ್. ತಗೊಳ್ಳುತ್ತಿರುವ ಮಾತ್ರೆಗಳ ಹೆಸರು ಬರೆದುಕೊಳ್ಳುವುದಕ್ಕಿಂತ ಮಾತ್ರೆಯ ಸ್ಟ್ರಿಪ್‌ಗಳನ್ನೇ ಒಂದು ಕವರಿನಲ್ಲಿ ತನ್ನಿ. ನಾಟಿ ಔಷಧಿ, ಕಷಾಯ, ಅಂಗಡಿಯ ನೋವಿನ ಮಾತ್ರೆ ಏನು ತಗೊಳ್ಳುತ್ತಿದ್ದರೂ ಅದೂ ಇರಲಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಹಲ್ಲು ಕೀಳಿಸುವ ಮುಂಚೆ ಅದನ್ನು ತೋರಿಸಬೇಕು, ತಾವಾಗಿ ನಿಲ್ಲಿಸಬಾರದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಆದರೆ ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಆಪರೇಷನ್ ಆಗಬಹುದು ಅನ್ನುವ ಸೂಚನೆ ಇದ್ದರೆ ಮೊದಲು ಆ ದಾರಿ ಹಿಡಿಯಿರಿ. ಸೇರಿಕೊಂಡ ಮೇಲೆ ಪತ್ರಕ್ಕೆ ಓಡಾಡುವುದು ಬಹಳ ಕಷ್ಟ. ಸಂಶಯ ಇದ್ದರೆ 104ಕ್ಕೆ ಫೋನ್ ಮಾಡಿ ಕೇಳಬಹುದು.

ಡಾಕ್ಟರಿಗೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿ. ಅದನ್ನು ಅಮ್ಮನ ಹತ್ತಿರ ಕೂತು, ಅವಳ ಬಾಯಿಂದಲೇ ಬರೆಸಿಕೊಳ್ಳಿ. ಒಳಗೆ ಹೋದ ಮೇಲೆ "ಏನಿಲ್ಲ ಸಾರ್, ಚೆನ್ನಾಗಿದೀನಿ" ಅಂದುಬಿಡುತ್ತಾರೆ. ರಾತ್ರಿ ಕಾಲು ಜುಮ್ ಅನ್ನುವ ವಿಷಯ ವಾಪಸ್ ಬಸ್ಸಿನಲ್ಲಿ ಬಾಯಿಗೆ ಬರುತ್ತದೆ.

ಹೋಗುವುದು, ಉಳಿಯುವುದು

ಸಕಲೇಶಪುರ, ಬೇಲೂರಿನಿಂದ ಹಾಸನ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿನಿಂದ 60ರ ಮೇಲೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಗುರುತಿನ ಚೀಟಿ ಕೈಯಲ್ಲಿರಬೇಕು. ರಾಜಹಂಸ, ಐರಾವತದಂಥ ಬಸ್ಸಿಗೆ ಅದು ಇಲ್ಲ. ಅಪ್ಪನನ್ನು ಕರೆದುಕೊಂಡು ಹೋಗುವುದಾದರೆ 60 ದಾಟಿದವರಿಗೆ ರಿಯಾಯಿತಿ ಇದೆ, ಕೇಳಿ ತಗೊಳ್ಳಿ. ಹಾಸನದಲ್ಲಿ ಹೊರಊರಿನ ಬಸ್ಸು ನಿಲ್ಲುವ ಹೊಸ ಬಸ್ ಸ್ಟ್ಯಾಂಡೇ ಬೇರೆ, ಸಿಟಿ ಬಸ್ ಸ್ಟ್ಯಾಂಡೇ ಬೇರೆ. ಆಸ್ಪತ್ರೆ ಯಾವುದಕ್ಕೆ ಹತ್ತಿರ ಅಂತ ಫೋನಿನಲ್ಲೇ ಕೇಳಿಕೊಂಡರೆ ಆಟೋ ಖರ್ಚು ಉಳಿಯುತ್ತದೆ.

ರೂಮು ಆಸ್ಪತ್ರೆಗೆ ಹತ್ತಿರ ಇರಲಿ, ಬಸ್ ಸ್ಟ್ಯಾಂಡಿಗೆ ಹತ್ತಿರ ಇರಬೇಕು ಅಂತಿಲ್ಲ. ನೆಲಮಹಡಿ ಅಥವಾ ಲಿಫ್ಟ್ ಇರಬೇಕು. ಬಚ್ಚಲಿನಲ್ಲಿ ಕೂರುವ ಕಮೋಡು ಇದೆಯಾ, ಬೆಳಿಗ್ಗೆ ಆರಕ್ಕೆ ಬಿಸಿನೀರು ಬರುತ್ತದಾ ಅಂತ ಕೇಳಿ. ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದ ಊರು, ಡಿಸೆಂಬರಿನ ಬೆಳಿಗ್ಗೆ ತಣ್ಣೀರು ಮುಟ್ಟಲಾಗುವುದಿಲ್ಲ. ಇನ್ಸುಲಿನ್ ಇಡಲು ಫ್ರಿಜ್ ಇದೆಯಾ ಅಂತಲೂ ವಿಚಾರಿಸಿ.

ಆಸ್ಪತ್ರೆಯ ದಿನ

ಇಬ್ಬರು ಜೊತೆಗೆ ಹೋಗುವುದಾದರೆ ಕೆಲಸ ಹಂಚಿಕೊಳ್ಳಿ. ಒಬ್ಬರು ಸಾಲಿನಲ್ಲಿ, ಒಬ್ಬರು ಅಮ್ಮನ ಹತ್ತಿರ. ಡಾಕ್ಟರ ಕೋಣೆಯೊಳಗೆ ಇಬ್ಬರೂ ಕೇಳಿಸಿಕೊಳ್ಳುವ ಬದಲು ಒಬ್ಬರು ಬರೆದುಕೊಳ್ಳಿ. ಔಷಧಿ ಅಂಗಡಿಯಿಂದ ಹೊರಟ ಮೇಲೆ ಪ್ರತಿ ಮಾತ್ರೆಯ ಮೇಲೂ ಬೆಳಿಗ್ಗೆ, ರಾತ್ರಿ, ಊಟಕ್ಕೆ ಮುಂಚೆ, ಆಮೇಲೆ ಅಂತ ಕನ್ನಡದಲ್ಲಿ ಬರೆಯಿರಿ. ಹಳೇ ಮಾತ್ರೆಯಲ್ಲಿ ಯಾವುದು ನಿಂತಿತು ಅನ್ನೋದನ್ನು ಕೇಳದೆ ಕೋಣೆ ಬಿಟ್ಟು ಬರಬೇಡಿ. ಹಳೆಯದು, ಹೊಸದು ಎರಡನ್ನೂ ನುಂಗಿ ಬಿಪಿ ಇಳಿದು ಬಿದ್ದವರನ್ನು ನಾನು ಕಂಡಿದ್ದೇನೆ.

ಆ ದಿನ ಮಧ್ಯಾಹ್ನಕ್ಕೆ ಯಾವ ಸುತ್ತಾಟವನ್ನೂ ಇಟ್ಟುಕೊಳ್ಳಬೇಡಿ. ರಿಪೋರ್ಟ್ ತಡವಾಗುತ್ತದೆ, ಡಾಕ್ಟರಿಗೆ ತುರ್ತು ಕೇಸ್ ಬರುತ್ತದೆ. ಹೊರಗೆ ಕಾರು ಕಾಯುತ್ತಿದ್ದರೆ ನಮಗೆ ಗಡಿಬಿಡಿ, ಡಾಕ್ಟರಿಗೆ ಕೇಳಬೇಕಾದ್ದು ಮರೆತುಹೋಗುತ್ತದೆ. ಬೇಗ ಮುಗಿದರೆ ಊಟ, ಒಂದು ನಿದ್ದೆ, ಸಂಜೆ ಕಟ್ಟಿನಕೆರೆ ಮಾರುಕಟ್ಟೆಗೆ ಒಂದು ಸುತ್ತು. ಅಷ್ಟು ಸಾಕು.

ಮಾರನೇ ದಿನದ ಸುತ್ತಾಟ

ಜಾಗವನ್ನು ಅದರ ಹೆಸರು ನೋಡಿ ಆರಿಸಬೇಡಿ, ಕರೆದುಕೊಂಡು ಹೋಗುವವರ ಕಾಲು ನೋಡಿ ಆರಿಸಿ. ಶ್ರವಣಬೆಳಗೊಳ ಹಾಸನದಿಂದ 50 ಕಿಲೋಮೀಟರ್ ಆಸುಪಾಸು. ಆದರೆ ವಿಂಧ್ಯಗಿರಿಗೆ 600ಕ್ಕಿಂತ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಿನಲ್ಲಿ. ಹೃದಯದ, ಮಂಡಿಯ ತೊಂದರೆಗೆ ಬಂದವರಿಗೆ ಈ ಸಲ ಬೇಡ.

ಸ್ವಲ್ಪವೇ ಶಕ್ತಿ ಇರುವವರಿಗೆ ಹತ್ತಿರದ ಮೊಸಳೆ, ಕೋರವಂಗಲ ಇವೆ. ಮೊಸಳೆಯಲ್ಲಿ ನಾಗೇಶ್ವರ, ಚೆನ್ನಕೇಶವ ಗುಡಿಗಳು ಅವಳಿಗಳ ಹಾಗೆ ಪಕ್ಕಪಕ್ಕದಲ್ಲೇ ನಿಂತಿವೆ. ಕೋರವಂಗಲದ ಬೂಚೇಶ್ವರ ಗುಡಿ 1173ರದ್ದು, ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದ ಕಾಲದ್ದು. ಎರಡು ಕಡೆಯೂ ಜನ ಕಮ್ಮಿ, ಕೂತು ನೋಡಬಹುದು, ಯಾರೂ ತಳ್ಳುವುದಿಲ್ಲ. ಬೇಲೂರು ರಸ್ತೆಯಲ್ಲಿ ಹೋಗಿ ಒಳಗೆ ತಿರುಗಿದರೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ, ಕೆರೆಯ ಪಕ್ಕದಲ್ಲಿ. ಬೇಲೂರಿಗಿಂತಲೂ ಹಳೆಯದು. ನನಗೆ ಅಲ್ಲಿ ಸಿಗುವ ನೆಮ್ಮದಿ ಬೇರೆಲ್ಲೂ ಸಿಕ್ಕಿಲ್ಲ. ನೀರು ನೋಡಬೇಕು ಅನ್ನುವವರು ಗೊರೂರು ಕಡೆ ಹೋಗಬಹುದು. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ದೂರದಿಂದಲೇ ನೋಡಿ. ಆ ಹಳೇ ಗೋಡೆಗಳ ಕೆಳಗೆ ಹೋಗಿ ನಿಲ್ಲಬೇಡಿ.

ನಮ್ಮ ಕಡೆಯವರಿಗೆ ನಾನು ಹೇಳುವ ದಾರಿ ಹಾಸನ, ಹಳೇಬೀಡು, ಬೇಲೂರು, ಸಕಲೇಶಪುರ. ಹಳೇಬೀಡಿಗೆ 30 ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಬೇಲೂರು 16, ಬೇಲೂರಿನಿಂದ ಸಕಲೇಶಪುರಕ್ಕೆ 35ರ ಆಸುಪಾಸು. ಮನೆ ಕಡೆಗೇ ಹೋಗುತ್ತಿರುತ್ತೀರಿ, ಹಾಸನಕ್ಕೆ ವಾಪಸ್ ಬರುವ ಕೆಲಸ ಇಲ್ಲ. ಚಿಕ್ಕಮಗಳೂರಿನವರಿಗೂ ಬೇಲೂರು ದಾರಿಯಲ್ಲೇ ಸಿಗುತ್ತದೆ. ಬಸ್ಸಿನಲ್ಲೂ ಆಗುತ್ತದೆ, ಆದರೆ ವಯಸ್ಸಾದವರಿದ್ದರೆ ಆ ಒಂದು ದಿನಕ್ಕೆ ಕಾರು ಮಾಡಿ. ಊಟ, ಔಷಧಿ ಹೊತ್ತು ನಮ್ಮ ಕೈಯಲ್ಲಿರುತ್ತದೆ.

ಶುಗರ್ ಇರುವವರಿಗೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮರೆಯಬೇಡಿ. ಈ ಗುಡಿಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು ಕಲ್ಲಿನ ಜಗತಿಯ ಮೇಲೆ ನಡೆಯಬೇಕು. ಹನ್ನೊಂದು ಗಂಟೆ ದಾಟಿದರೆ ಕಲ್ಲು ಕಾದ ಹೆಂಚು. ನಮಗೆ ಸುಟ್ಟರೆ ಕಾಲು ಎತ್ತುತ್ತೇವೆ. ಶುಗರ್‌ನಿಂದ ಪಾದದ ಸ್ಪರ್ಶ ಹೋದವರಿಗೆ ಸುಡುವುದೇ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದು ಹುಣ್ಣಾಗುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ದಪ್ಪ ಹತ್ತಿ ಕಾಲುಚೀಲ ಹಾಕಿಸಿ. ಬೆಳಿಗ್ಗೆ ಹತ್ತರ ಒಳಗೆ ಅಥವಾ ನಾಲ್ಕರ ಮೇಲೆ ಹೋಗಿ. ರಾತ್ರಿ ಮಲಗುವ ಮುಂಚೆ ಅಂಗಾಲು, ಬೆರಳ ಸಂದಿ ಎಲ್ಲ ಬೆಳಕಿನಲ್ಲಿ ನೋಡಿ.

ಹೋದ ನವೆಂಬರಿನಲ್ಲಿ ಹೀಗೇ ಮಾಡಿದೆವು. ಮೊದಲ ದಿನ ಬೆಳಿಗ್ಗೆ ರಕ್ತ, ಮಧ್ಯಾಹ್ನ ಡಾಕ್ಟರು, ಮೂರೂವರೆಗೆ ಕಣ್ಣು. ಸಂಜೆ ಅಮ್ಮ ರೂಮಿನ ಪರದೆ ಎಳೆದು ಮಲಗಿದಳು. ಮಾರನೇ ದಿನ ಬೆಳಿಗ್ಗೆ ಎಂಟೂವರೆಗೆ ಹಳೇಬೀಡಿನಲ್ಲಿದ್ದೆವು. ಬಿಸಿಲು ಇನ್ನೂ ಎಳೆಯದು. ಕಂದು ಕಾಲುಚೀಲ ಹಾಕಿಕೊಂಡು ಅಮ್ಮ ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದಳು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಆಮೇಲೆ ಕುದುರೆ. ಒಂದೊಂದು ಆನೆಯ ಮುಂದೆಯೂ ನಿಂತು, ಕನ್ನಡಕ ಸರಿ ಮಾಡಿಕೊಂಡು, ಸೊಂಡಿಲು ಯಾವ ಕಡೆ ತಿರುಗಿದೆ ಅಂತ ನೋಡುತ್ತಿದ್ದಳು.

"ಒಂದರ ಹಂಗೆ ಒಂದಿಲ್ವಲ್ಲ ಮಗಾ" ಅಂದಳು. "ನಮ್ಮ ತೋಟಕ್ಕೆ ಬರೋವು ಎಲ್ಲ ಇಲ್ಲೇ ಇದಾವೆ ನೋಡು."

ಮೂಲೆ ತಿರುಗುವವರೆಗೆ ಎಣಿಸಿಕೊಂಡು ಹೋದಳು. ಕಾರಿನವರು ಬೇಲೂರಿಗೆ ಹೊತ್ತಾಗುತ್ತದೆ ಅಂದರು. ನಾನು ಬೇಲೂರು ಮುಂದಿನ ಸಲಕ್ಕೆ ಇರಲಿ ಅಂದೆ. ಮುಂದಿನ ತಪಾಸಣೆ ಫೆಬ್ರವರಿಯಲ್ಲಿ, ಗುರುವಾರ ಕೇಳಿ ಬರೆಸಿದ್ದೇನೆ.